ರೆಸ್ಯೂಮೆಯ ಆರನೇ ಸಾಲು

ಹೂಗ್ಯಂ
12 ಜನವರಿ 2025

ಮಲ್ಲು,

ನಿನ್ನ ಕಾಗದ ಮೊನ್ನೆ ಬಂತು. ಲಕೋಟೆಯ ಒಂದು ಮೂಲೆ ನೆಂದಿತ್ತು. ಅದು ನೆಂದದ್ದು ನಿನ್ನ ಕಡೆಯ ಹಿಮಕ್ಕೋ ನಮ್ಮ ಪೋಸ್ಟ್‌ಮ್ಯಾನ್ ಚನ್ನಬಸವನ ಬೆವರಿಗೋ ಗೊತ್ತಾಗದೆ ಸುಮ್ಮನೆ ಹೆದರಿಕೊಂಡೆ. ಒಳಗಿನ ಅಕ್ಷರ ಚೆನ್ನಾಗಿಯೇ ಇತ್ತು. ಆದರೆ ಓದಿದ ಮೇಲೆ ಇನ್ನೂ ಹೆದರಿಕೆಯಾಯಿತು. ಕೆಮ್ಮಿನ ವಿಷಯ ಡಾಕ್ಟರಿಗೆ ಹೇಳಿಲ್ಲ, ಹೆಂಡತಿ ಸೌಮ್ಯಳಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಹೇಳಿದ್ದೇನೆ ಅಂತ ಬರೆದಿದ್ದೀಯ. ನನಗೆ ಹೇಳಿ ಏನು ಬಂತಪ್ಪ? ನಾನು ರಾಗಿ ಬೀಸುವವಳು, ಎದೆ ನೋಡುವವಳಲ್ಲ.

ಮಾರ್ಚಿ ಕೊನೆಯೊಳಗೆ ಮೈಸೂರಿನ ಆ ಕಂಪನಿ ಕೆಲಸ ಸಿಕ್ಕದಿದ್ದರೆ ಮಿಲಿಟರಿಯಲ್ಲೇ ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತೀನಿ, ಬರಿಗೈಲಿ ಬಂದು ಯಳಂದೂರಿನ ಮಾವನ ಮನೆ ಜಗಲಿ ಮೇಲೆ ಕೂರುವವನಲ್ಲ ಅಂತಲೂ ಬರೆದಿದ್ದೀಯ. ಎರಡು ವರ್ಷ ಆ ಚಳಿಯಲ್ಲಿ ನಿನ್ನ ಎದೆ ತಡೆಯುತ್ತದಾ? ಹಾಗಾಗಿ ನೀನು ಹೇಳಿದಂತೆಯೇ ಮಾಡಿದೆ. ಮಿಲ್ಲಿಗೆ ಬೀಗ ಹಾಕಿ, ನಿನ್ನ ರೆಸ್ಯೂಮೆ ಹೊಡೆಸಲು ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದೆ.

ಬಸ್‌ಸ್ಟ್ಯಾಂಡ್ ಎದುರು ಮೂರ್ತಿ ಅನ್ನುವವನ ಕಂಪ್ಯೂಟರ್ ಅಂಗಡಿ. ಮಹಡಿ ಮೆಟ್ಟಿಲಿನ ಎರಡು ಕಡೆಯೂ ಎಲೆಅಡಿಕೆ ಉಗಿದು ಗೋಡೆ ಕೆಂಪಾಗಿದೆ. ಸೆರಗು ತಾಗದಂತೆ ಮುದುರಿಕೊಂಡು ಹತ್ತಿದೆ. ಕೀಬೋರ್ಡ್ ಮೇಲೆ ಬೋಂಡದ ಎಣ್ಣೆ. ಅದೇ ಕೈಯಲ್ಲಿ ನಿನ್ನ ಹೆಸರು ಹೊಡೆದ. ಕೆಲಸದ ಹೆಸರು ತೋರಿಸಿದೆ, ‘ಸೀನಿಯರ್ ಇಂಟೆಲಿಜೆನ್ಸ್ ಅನಲಿಸ್ಟ್’ ಅಂತ ಎರಡು ಸಲ ಓದಿ, "ಏನಮ್ಮ, ನಿಮ್ ತಮ್ಮ ಸಿಐಡಿನಾ?" ಅಂದ. ನನಗೆ ಏನು ಗೊತ್ತು? ನೀನು ಅಲ್ಲಿ ಹವಾಲ್ದಾರ, ಬಂದ ಸುದ್ದಿಯನ್ನೆಲ್ಲ ಓದಿ ಯಾವುದು ನಿಜ ಯಾವುದು ಸುಳ್ಳು ಅಂತ ವರದಿ ಬರೆಯುತ್ತೀಯ, ಒಳಗೆ ಫೋನು ಬಿಡುವುದಿಲ್ಲ, ಅಷ್ಟೇ ಹೇಳಿದೆ. ಅದನ್ನೂ ಹೇಳಬಾರದಿತ್ತೇನೋ ಅಂತ ಬಸ್ಸಿನಲ್ಲಿ ಕೂತು ಸಂಕಟಪಟ್ಟೆ.

ಅವನು ಹೊಡೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಮೇಲೆ ಓಂಕಾರ, ಅಂಚಿಗೆ ಗುಲಾಬಿ ಬಳ್ಳಿ. ನಿನ್ನ ಎತ್ತರ, ಬಣ್ಣ, ನಮ್ಮಪ್ಪ ಪುಟ್ಟಮಾದಪ್ಪನ ಜಮೀನು ಎಲ್ಲ ಹಾಕಿದ್ದಾನೆ. ಹವ್ಯಾಸ ಅಂತ ‘ಸಂಗೀತ ಕೇಳುವುದು, ಕ್ರಿಕೆಟ್’ ಅಂತೆ. ನೀನು ಯಾವಾಗ ಕ್ರಿಕೆಟ್ ಆಡಿದೆ? ಕೆಳಗೆ ಸಹಿಯ ಜಾಗದಲ್ಲಿ ಇನ್ಯಾರದೋ ಹೆಸರು ಹಾಗೇ ಉಳಿದಿತ್ತು. ತೋರಿಸಿದರೆ, "ಎಲ್ಲಾರ್ಗೂ ಇದೇ ಆಕದು ಕಣಮ್ಮ. ಇದ ಯಾರ್ ಓದರು?" ಅಂತ ನಕ್ಕ. ಯಾರದೋ ಬಾಯಿಂದ ತೆಗೆದ ತುತ್ತನ್ನು ನಿನ್ನ ತಟ್ಟೆಗೆ ಹಾಕಿದ ಹಾಗೆ ಅನ್ನಿಸಿತು.

ಇವತ್ತು ನಿನಗೆ ಬರೆಯುತ್ತೇನೆ ಅಂತ ಗೊತ್ತಾಗಿ ಮಿಲ್ಲಿನಲ್ಲಿ ಎಲ್ಲರೂ ಅವರವರ ಸಾಲು ಹೇಳಿದ್ದಾರೆ. ಒಬ್ಬರದು ಬಿಟ್ಟರೂ ನಾಳೆ ಮುಖ ಊದಿಸಿಕೊಳ್ಳುತ್ತಾರೆ, ಅದಕ್ಕೆ ಬರೆದುಬಿಡುತ್ತೇನೆ. ಪುಟ್ಟಸಿದ್ದಯ್ಯ: "ಮಲ್ಲೂಗೆ ಏಳು, ಕರಿಕಲ್ ಕ್ವಾರಿ ಮಾಡ್ತೀವಿ ಅಂತ ಅವರ್ ಇವರ್ ಬತ್ತಾವ್ರೆ, ನಾನ್ ಇರೋಗಂಟ ಬುಡಕಿಲ್ಲ." ರಂಗಮ್ಮ: "ತಮ್ಮಯ್ಯ ಉಸಾರು, ಕಂಬ್ಳಿ ಒದ್ಕೊ." ಬಸವಣ್ಣ: ಬರುವಾಗ ಒಂದು ಬಾಟ್ಲಿ ತರಬೇಕಂತೆ, ಮಿಲಿಟರಿಯದು.

ಎದೆಗೆ ಬಿಸಿನೀರು ಕುಡಿ. ಮರೆಯಬೇಡ.

ನಿನ್ನ ಅಕ್ಕ
ಶಿವರತ್ನ

•

24 ಜನವರಿ 2025

ಅಕ್ಕಯ್ಯ,

ಮೂರ್ತಿಯ ಗುಲಾಬಿ ಬಳ್ಳಿ ನೋಡಿ ನನ್ನ ಜೊತೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಅಸಹ್ಯವಾಯಿತು. ಹರಿದು ಬಿಸಾಡಿದೆ. ನೀನು ಬೇಜಾರು ಮಾಡಿಕೊಳ್ಳಬೇಡ, ತಪ್ಪು ನನ್ನದು. ರೆಸ್ಯೂಮೆ ಹೇಗಿರಬೇಕು ಅಂತ ಹೇಳದೆ ಕಳಿಸಿದೆ.

ಎತ್ತರ, ಬಣ್ಣ, ಅಪ್ಪ, ಜಮೀನು, ಹವ್ಯಾಸ ಯಾವುದೂ ಬೇಡ. ಮೊದಲು ಮೂರು ಸಾಲಿನಲ್ಲಿ ನಾನು ಯಾರು, ನನ್ನಿಂದ ಅವರಿಗೆ ಏನು ಉಪಯೋಗ ಅಂತ ಇರಬೇಕು. ಆಮೇಲೆ ಮಾಡಿದ ಕೆಲಸ. ‘ವರದಿ ಬರೆದೆ’ ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಆ ವರದಿಯಿಂದ ಏನಾಯಿತು ಅಂತ ಬರೆಯಬೇಕು. ಅವರ ಜಾಹೀರಾತಿನಲ್ಲಿ ಯಾವ ಮಾತು ಬಳಸಿದ್ದಾರೋ ಅದೇ ಮಾತು ನಮ್ಮ ಕಾಗದದಲ್ಲಿ ಕಾಣಬೇಕು. ಎರಡು ಪುಟ ದಾಟಬಾರದು. ಒಂದೂ ತಪ್ಪಿರಬಾರದು, ತಪ್ಪು ಬಿಡುವವನನ್ನು ಈ ಕೆಲಸಕ್ಕೆ ಯಾರು ನಂಬುತ್ತಾರೆ?

ಕಷ್ಟ ಇರುವುದು ಬೇರೆ ಕಡೆ. ಹದಿನಾರು ವರ್ಷ ನಾನು ಮಾಡಿದ ಯಾವುದನ್ನೂ ಹೊರಗೆ ಹೇಳುವಂತಿಲ್ಲ. ಊರಿನ ಹೆಸರು ಹೇಳುವಂತಿಲ್ಲ, ಮನುಷ್ಯರ ಹೆಸರು ಹೇಳುವಂತಿಲ್ಲ. ಈಗ ಕಂಪನಿಯವರು ಒಂದು ಮಾದರಿ ವರದಿ ಕೂಡ ಕೇಳಿದ್ದಾರೆ. ನನ್ನ ಸ್ವಂತದ್ದು, ಎರಡು ಹಾಳೆ. ಇಲ್ಲಿಂದ ಒಂದು ಚೂರು ಕಾಗದ ತೆಗೆದರೂ ನಾನು ಜೈಲಿಗೆ. ಏನಾದರೂ ದಾರಿ ಹುಡುಕುತ್ತೇನೆ.

ಕ್ವಾರಿ ವಿಷಯ ಪುಟ್ಟಸಿದ್ದಯ್ಯ ಮಾವ ಹೇಳಿದ್ದು ಅರ್ಧಕ್ಕೇ ನಿಂತಿತು. ಯಾರು ಯಾರು ಬಂದಿದ್ದರು, ಊರಲ್ಲಿ ಯಾರು ಬೇಡ ಅಂದರು, ಯಾರು ಸುಮ್ಮನಿದ್ದರು ಎಲ್ಲ ಬರಿ. ಇಲ್ಲಿ ಸಂಜೆ ಹೊತ್ತು ಊರಿನ ಸುದ್ದಿ ಓದಿದರೆ ಎದೆ ಬೆಚ್ಚಗಾಗುತ್ತದೆ. ನಿನ್ನ ಹಳೆಯ ಕಾಗದಗಳನ್ನೆಲ್ಲ ತಗಡಿನ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಸೌಮ್ಯಳಿಗೆ ಏನೂ ಹೇಳಬೇಡ. ಸಿಕ್ಕದಿದ್ದರೆ ಮತ್ತೆ ಅಳುತ್ತಾಳೆ.

ಮಲ್ಲು

•

ಹೂಗ್ಯಂ
6 ಫೆಬ್ರವರಿ 2025

ಮಲ್ಲು,

ನನ್ನ ಕಾಗದಗಳನ್ನು ಟ್ರಂಕಿನಲ್ಲಿಟ್ಟಿದ್ದೀಯ ಅಂತ ಓದಿ ನಾಚಿಕೆಯಾಯಿತು. ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿದರು, ಮತ್ತೆ ಸೇರಿಸಿದರು, ಅವ್ವ ಮಲಗಿದಾಗ ಮತ್ತೆ ಬಿಡಿಸಿದರು. ಒತ್ತು ಎಲ್ಲಿ ಬರುತ್ತದೆ, ದೀರ್ಘ ಎಲ್ಲಿ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಅಂದಾಜೇ. ಅಂಥದ್ದನ್ನು ಜೊತೆಯವರು ಯಾರಾದರೂ ನೋಡಿದರೆ? ಬೀಗ ಹಾಕಿದ್ದೀಯ ತಾನೆ?

ನೀನು ಹೇಳಿದ್ದನ್ನೆಲ್ಲ ಬರೆದುಕೊಂಡು ಮತ್ತೆ ಮೂರ್ತಿಯ ಹತ್ತಿರ ಹೋದೆ. ‘ಏನಾಯಿತು ಅಂತ ಬರೀಬೇಕಂತೆ’ ಅಂದೆ. "ಓ, ರಿಸಲ್ಟ್ ಬೇಕಾ?" ಅಂದವನೇ, "ಎಷ್ಟ್ ಪರ್ಸೆಂಟ್ ಆಕ್ಲಿ? ನಲವತ್ತಾ, ಅರವತ್ತಾ?" ಅಂತ ಕೇಳಿದ. ಯಾವುದರಲ್ಲಿ ಅರವತ್ತು ಅಂದೆ. "ಯಾವುದ್ರಲ್ಲಾದ್ರೂ ಸರಿ ಕಣಮ್ಮ, ಪರ್ಸೆಂಟ್ ಇದ್ರೆ ಆಯ್ತು. ಮೊನ್ನೆ ಒಬ್ಬನ್ಗೆ ತೊಂಬತ್ತು ಆಕ್ದೆ, ಕೆಲ್ಸ ಸಿಕ್ತು." ರಾಗಿಗೆ ಮಣ್ಣು ಬೆರೆಸಿ ತೂಕ ಹಾಕುವವರನ್ನು ಕಂಡಿದ್ದೇನೆ. ಅವರಾದರೂ ಅಳುಕುತ್ತಾ ಬೆರೆಸುತ್ತಾರೆ. ಇವನು ಹಲ್ಲು ಕಿರಿದುಕೊಂಡು ಬೆರೆಸುತ್ತಾನೆ. ಏನೂ ಬೇಡ, ನನ್ನ ತಮ್ಮನೇ ಬರೆದು ಕಳಿಸುತ್ತಾನೆ, ಅದನ್ನು ಇದ್ದ ಹಾಗೆ ಹೊಡಿ ಸಾಕು ಅಂತ ಹೇಳಿ ಎದ್ದು ಬಂದೆ. ನೀನೇ ಬರಿ ಮಲ್ಲು. ನಿಜವಾದದ್ದನ್ನೇ ಬರಿ.

ಈಗ ನೀನು ಕೇಳಿದ ಸುದ್ದಿ. ಕ್ವಾರಿಯವರು ಸ್ಕೂಲಿನ ಜಗಲಿಯಲ್ಲಿ ಮೀಟಿಂಗ್ ಮಾಡಿದರು. ಕಾರಿನಲ್ಲಿ ಬಂದಿದ್ದವರು ಮೂರು ಜನ. ಬೆಟ್ಟದ ಬುಡದ ಆ ಕರಿಬಂಡೆ ಬೇಕಂತೆ. ಬಂಡೆ ಸರ್ಕಾರದ್ದು, ಆದರೆ ಲಾರಿ ಹೋಗುವುದಕ್ಕೆ ಬೇರೆ ದಾರಿ ಇಲ್ಲ, ರಂಗಮ್ಮನ ಹೊಲವೇ ಆಗಬೇಕು. ಪುಟ್ಟಸಿದ್ದಯ್ಯ ಎದ್ದು ನಿಂತು, "ಸಿಡಿಮದ್ದು ಒಡುದ್ರೆ ನಮ್ ಬೋರೆಲ್ಲ ಬತ್ತೋಯ್ತವೆ, ಓಗ್ರಪ್ಪ ಓಗಿ" ಅಂದ. ಅವನ ಹಿಂದೆ ಅರ್ಧ ಊರು ಎದ್ದು ಬಂತು. ಬಸವಣ್ಣ ಮಾತ್ರ ಕೂತೇ ಇದ್ದ, ಅವರು ತಂದ ಟೀ ಮುಗಿಯುವ ತನಕ. ಅವನು ಯಾರು ಟೀ ಕೊಟ್ಟರೆ ಅವರ ಕಡೆ. ಪುಟ್ಟಸಿದ್ದಯ್ಯ ಹೊರಗೆ ಅಷ್ಟು ಜೋರು, ಆದರೆ ಅಳಿಯನ ಎದುರು ಬಾಯಿ ಬಿಡುವುದಿಲ್ಲ. ಅಳಿಯನಿಗೆ ಟಿಪ್ಪರ್ ಲಾರಿ ತೆಗೆಯುವ ಆಸೆ. ಮಗಳು ಅತ್ತರೆ ಇವನು ಕರಗುತ್ತಾನೆ ಅಂತ ಪುಟ್ಟಸಿದ್ದಯ್ಯನ ಹೆಂಡತಿಯೇ ಮಿಲ್ಲಿನಲ್ಲಿ ಹೇಳಿದಳು.

ರಂಗಮ್ಮನದು ಬೇರೆಯೇ ಸಂಕಟ. ಮಿಲ್ಲು ಓಡುತ್ತಿರುವಾಗ, ಬೇರೆಯವರಿಗೆ ಕೇಳಿಸಬಾರದು ಅಂತ ನನ್ನ ಕಿವಿಗೇ ಬಾಯಿಟ್ಟು ಹೇಳಿದಳು. ಅವಳ ಮಗ ಮಣಿಕಂಠ ರಾಮಾಪುರದ ಹತ್ತಿರ ಬೈಕಿನಲ್ಲಿ ಒಬ್ಬ ಮುದುಕನಿಗೆ ಗುದ್ದಿದ್ದಾನೆ. ಕೊಳ್ಳೇಗಾಲದ ಕೋರ್ಟಿನಲ್ಲಿ ಕೇಸು. ಲೈಸೆನ್ಸ್ ಇರಲಿಲ್ಲ. ಸೊಸೆ ಮನೆಯವರಿಗೆ ಇನ್ನೂ ಗೊತ್ತಿಲ್ಲ, ಗೊತ್ತಾದರೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ ಅಂತ ಭಯ. "ಮಲ್ಲೂಗೆ ಬರಿಯವ್ವ, ಅವನಿಗೆ ದೊಡ್ಡೋರ್ ಗುರ್ತು ಇದ್ರೆ ಒಂದ್ ಮಾತ್ ಆಡ್ಲಿ" ಅಂದಳು. ಅದಕ್ಕೇ ಬರೆದೆ. ನೀನು ಯಾರ ಹತ್ತಿರವೂ ಆಡಬೇಡ.

ಇಷ್ಟೆಲ್ಲ ಕೇಳುತ್ತೀಯ ಅಂದರೆ ನಿನಗೆ ಊರಿಗೆ ಬರುವ ಮನಸ್ಸು ಬಂದಿದೆ ಅಂತ ಅರ್ಥ. ಅದೊಂದೇ ಸಮಾಧಾನ. ಬಿಸಿನೀರು.

ಶಿವರತ್ನ

•

18 ಫೆಬ್ರವರಿ 2025

ಅಕ್ಕಯ್ಯ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಕೂತು ಮಾತಾಡಿದ ಹಾಗೇ ಇತ್ತು. ನಿನ್ನ ಅಕ್ಷರಕ್ಕೆ ನಾಚಿಕೊಳ್ಳಬೇಡ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಯಾರಿಂದ ಕೇಳಿದೆ ಅಂತ ಸೇರಿಸಿ ಬರೆಯುತ್ತೀಯ. ಇಲ್ಲಿ ಡಿಗ್ರಿ ಮಾಡಿ ಬಂದವರಿಗೆ ಅದನ್ನು ಕಲಿಸುವಷ್ಟರಲ್ಲಿ ನನಗೆ ಸಾಕಾಗುತ್ತದೆ.

ರೆಸ್ಯೂಮೆಯನ್ನು ಇಂಗ್ಲಿಷಿನಲ್ಲಿ ನಾನೇ ಬರೆದು ಕಳಿಸಿದ್ದೇನೆ. ಮೂರ್ತಿ ಒಂದು ಚುಕ್ಕೆಯನ್ನೂ ಸೇರಿಸಬಾರದು, ಒಂದನ್ನೂ ಬಿಡಬಾರದು. ಎದುರಿಗೇ ಕೂತು ಹೊಡೆಸು. ಕಂಪನಿಯ ವಿಳಾಸ ಬರೆದಿರುವ ಇನ್ನೊಂದು ಅಂಟಿಸಿದ ಲಕೋಟೆ ಇದೆ. ಅದು ಮಾದರಿ ವರದಿ. ತೆರೆಯುವುದು ಬೇಡ, ರೆಸ್ಯೂಮೆಯ ಜೊತೆ ರಿಜಿಸ್ಟರ್ ಪೋಸ್ಟ್ ಮಾಡಿಬಿಡು.

ಮಣಿಕಂಠನ ವಿಷಯ ಓದಿ ಬೇಸರವಾಯಿತು. ಮುಂದಿನ ಹಿಯರಿಂಗ್ ಯಾವಾಗ? ಲಾಯರಿಗೆ ಪೂರ್ತಿ ಕೊಟ್ಟಿದ್ದಾರಾ? ಸುಮ್ಮನೆ ಕೇಳಿದೆ.

ಕೆಮ್ಮು ಹಾಗೇ ಇದೆ. ಒಂದೊಂದು ಸಲ ಕೆಮ್ಮಿದ ಮೇಲೆ ಬಾಯಲ್ಲಿ ಕಬ್ಬಿಣದ ರುಚಿ.

ಮಲ್ಲು

•

ಹೂಗ್ಯಂ
3 ಮಾರ್ಚ್ 2025

ಮಲ್ಲು,

ಕಬ್ಬಿಣದ ರುಚಿ ಅಂದರೆ ಏನು? ರಕ್ತವಾ? ಸರಿಯಾಗಿ ಬರಿ. ಹಾಗೆ ಅರ್ಧ ಬರೆದು ಬಿಟ್ಟರೆ ನಾನು ಇಲ್ಲಿ ಏನು ಮಾಡಲಿ?

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಜನದಲ್ಲಿ ಬಸ್ಸಿಗೆ ಕಾಲಿಡಲು ಆಗಲಿಲ್ಲ, ಅದು ಮುಗಿದ ಮೇಲೆ ಕೊಳ್ಳೇಗಾಲಕ್ಕೆ ಹೋದೆ. ಹೇಳಿದ ಕೆಲಸವಾಗಿದೆ. ಮೂರ್ತಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ, ಇಂಗ್ಲಿಷು ಬರದಿದ್ದರೂ ಆಕಾರ ಒಂದೇ ಇದೆಯಾ ಅಂತ ನೋಡಬಹುದಲ್ಲ. ಮುಗಿದ ಮೇಲೆ ಮೂರ್ತಿ ತಲೆ ತುರಿಸಿಕೊಂಡು, "ಇದಪ್ಪ ರೆಸ್ಯೂಮೆ ಅಂದ್ರೆ. ಗುಲಾಬಿ ಇಲ್ಲ, ಏನಿಲ್ಲ, ಓದುದ್ರೆ ಮೈ ಜುಂ ಅಂತದೆ" ಅಂದ. ಏನಿದೆ ಹೇಳಪ್ಪ ಅಂದದ್ದಕ್ಕೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದ. ಮೊದಲ ಐದು ಸಾಲು ಕೇಳಿ ಹೆಮ್ಮೆಯಾಯಿತು. ಒಂದು ಹೆಸರೂ ಇಲ್ಲ, ಜಾಗವೂ ಇಲ್ಲ, ಆದರೂ ನೀನು ದೊಡ್ಡ ಕೆಲಸ ಮಾಡಿದ್ದೀಯ ಅಂತ ಗೊತ್ತಾಗುತ್ತದೆ.

ಆರನೇ ಸಾಲು ನನಗೆ ತಿಳಿಯಲಿಲ್ಲ. ಮೂರ್ತಿ ಹೇಳಿದ್ದನ್ನು ಹಾಗೇ ಬರೆದುಕೊಂಡೆ: ‘ಹನೂರು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಹದಿನಾರು ವರ್ಷದಿಂದ ಬೆಳೆಸಿಕೊಂಡು ಬಂದ ಒಂದು ಸ್ವಂತ ಸುದ್ದಿಮೂಲ. ಸಂಬಳವಿಲ್ಲ. ಇದುವರೆಗೆ ಒಂದು ಸುದ್ದಿಯೂ ಸುಳ್ಳಾಗಿಲ್ಲ. ತಾನು ಸುದ್ದಿಮೂಲವೆಂದು ಅದಕ್ಕೆ ಗೊತ್ತಿಲ್ಲ.’

ಯಾರಪ್ಪ ಅವನು? ನಮ್ಮ ಸುತ್ತಲೇ ಒಬ್ಬ ಇದ್ದಾನೆ, ನಿನಗೆ ಸುದ್ದಿ ಕಳಿಸುತ್ತಾನೆ, ನನಗೆ ಒಂದು ಮಾತು ಹೇಳಲಿಲ್ಲ. ಬಸ್ಸಿನಲ್ಲಿ ಒಬ್ಬೊಬ್ಬರ ಮುಖವನ್ನೇ ನೋಡಿಕೊಂಡು ಬಂದೆ. ಬಸವಣ್ಣ ಅಂದುಕೊಂಡರೆ ಅವನ ಸುದ್ದಿ ಒಂದೂ ನಿಜವಾಗುವುದಿಲ್ಲ. ಚನ್ನಬಸವ ಕಾಗದ ಒಡೆದು ಓದುತ್ತಾನಾ? ಮಾರ್ಟಳ್ಳಿಯಿಂದ ಬಟ್ಟೆ ಗಂಟು ಹೊತ್ತು ಬರುವ ಆ ತಮಿಳಿನವನಾ? ನಿನಗೆ ನನಗಿಂತ ನಂಬಿಕಸ್ಥರು ಇಲ್ಲೇ ಇದ್ದಾರೆ ಅಂತ ಸ್ವಲ್ಪ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಅವನ ಹತ್ತಿರ ಜೋಪಾನ. ಗೊತ್ತಿಲ್ಲದೆ ಸುದ್ದಿ ಕೊಡುವವನು ಯಾರಿಗೆ ಬೇಕಾದರೂ ಕೊಟ್ಟಾನು.

ಎರಡು ಲಕೋಟೆಯೂ ರಿಜಿಸ್ಟರ್ ಆಯಿತು. ನೀನು ಅಂಟಿಸಿದ್ದು ದಾರಿಯಲ್ಲಿ ಬಿಟ್ಟುಕೊಂಡರೆ ಅಂತ ಹೆದರಿ ಮೇಲೆ ಇನ್ನೊಂದು ಸಲ ಗೋಂದು ಹಚ್ಚಿದೆ. ತೆರೆಯಲಿಲ್ಲ. ರೆಸ್ಯೂಮೆಯ ಒಂದು ಪ್ರತಿಯನ್ನು ಮಿಲ್ಲಿನಲ್ಲಿ ಮಾದಪ್ಪನ ಪಟದ ಹಿಂದೆ ಇಟ್ಟಿದ್ದೇನೆ.

ಮಣಿಕಂಠನ ಹಿಯರಿಂಗ್ ಏಪ್ರಿಲ್ ಏಳಕ್ಕೆ. ಲಾಯರಿಗೆ ಅರ್ಧವೇ ಕೊಟ್ಟಿರುವುದು, ಮಿಕ್ಕದ್ದು ಕೊಡುವ ತನಕ ಬರುವುದಿಲ್ಲ ಅಂದಿದ್ದಾನಂತೆ. ರಂಗಮ್ಮ ನಿನ್ನನ್ನು ಕೇಳುತ್ತಾಳೆ, "ತಮ್ಮಯ್ಯ ಏನಾರ ಬರುದ್ನಾ?" ಅಂತ. ದಿನವೂ ಕೇಳುತ್ತಾಳೆ.

ಶಿವರತ್ನ

•

20 ಮಾರ್ಚ್ 2025

ಅಕ್ಕಯ್ಯ,

ಕೆಲಸ ಸಿಕ್ಕಿತು.

ಕೆಳಗಿನ ಕ್ಯಾಂಪಿಗೆ ಕರೆಸಿ ಕಂಪ್ಯೂಟರಿನಲ್ಲೇ ಮಾತಾಡಿಸಿದರು. ರೆಸ್ಯೂಮೆ ಬಹಳ ಚೆನ್ನಾಗಿದೆ ಅಂದರು. ಮಾದರಿ ವರದಿಯನ್ನು ಅದಕ್ಕಿಂತ ಹೆಚ್ಚು ಹೊಗಳಿದರು, ಇಂಥದ್ದನ್ನು ನಮಗೆ ಇದುವರೆಗೆ ಯಾರೂ ಬರೆದುಕೊಟ್ಟಿಲ್ಲ ಅಂದರು. ಎಕ್ಸ್‌ಟೆನ್ಷನ್ ಕಾಗದಕ್ಕೆ ಸಹಿ ಹಾಕಲಿಲ್ಲ. ಏಪ್ರಿಲ್ ಕೊನೆಗೆ ಇಲ್ಲಿಂದ ಬಿಡುಗಡೆ. ಯಳಂದೂರಿನಲ್ಲೇ ಮನೆ ಮಾಡುತ್ತೇನೆ, ವಾರಕ್ಕೆ ಎರಡು ದಿನ ಮೈಸೂರಿಗೆ ಹೋದರೆ ಸಾಕಂತೆ. ಮಗಳು ಭವ್ಯಳನ್ನು ಸ್ಕೂಲಿಗೆ ನಾನೇ ಬಿಡಬಹುದು. ಅವಳು ನನ್ನನ್ನು ಫೋಟೋದಲ್ಲಿ ನೋಡಿದ್ದೇ ಹೆಚ್ಚು.

ಆರನೇ ಸಾಲಿಗೆ ತಲೆ ಕೆಡಿಸಿಕೊಳ್ಳಬೇಡ. ಅದು ರೆಸ್ಯೂಮೆಯ ಭಾಷೆ. ಊರಿನ ಕಡೆ ಯಾರಾದರೂ ಹೊಸಬರು ಬಂದರೆ ನೀನು ಏನೂ ಮಾತಾಡಲು ಹೋಗಬೇಡ. ನೀರು ಕೊಟ್ಟು ಕಳಿಸು.

ಮಲ್ಲು

•

ಹೂಗ್ಯಂ
6 ಏಪ್ರಿಲ್ 2025

ಮಲ್ಲಿಕಾರ್ಜುನಸ್ವಾಮಿಗೆ,

ನಿನಗೆ ಕೆಲಸ ಸಿಕ್ಕಿತು ಅಂತ ಓದಿದ ದಿನ ಮಿಲ್ಲಿಗೆ ಬಂದವರಿಗೆಲ್ಲ ಬೆಲ್ಲ ಕೊಟ್ಟೆ. ರಂಗಮ್ಮನ ಬಾಯಿಗೆ ನನ್ನ ಕೈಯಾರೆ ಹಾಕಿದೆ. ಅದನ್ನು ನೆನೆದರೆ ಈ ಕೈ ಕತ್ತರಿಸಿಕೊಳ್ಳೋಣ ಅನ್ನಿಸುತ್ತಿದೆ.

ಯುಗಾದಿ ಕಳೆದು ಮೂರನೇ ದಿನ ಬಿಳಿ ಜೀಪಿನಲ್ಲಿ ಇಬ್ಬರು ಬಂದರು. ರಂಗಮ್ಮನ ಮನೆ ಜಗಲಿ ಮೇಲೆ ಕೂತು, ಒಬ್ಬ ‘ತಣ್ಣಿ’ ಕೊಡಮ್ಮ ಅಂದನಂತೆ. ನೀರು ಕುಡಿದಾದ ಮೇಲೆ ಹಿಯರಿಂಗ್ ಏಳನೇ ತಾರೀಕು ತಾನೆ ಅಂದನಂತೆ. ಲಾಯರ್ ಮಿಕ್ಕ ದುಡ್ಡು ಕೊಡದೆ ಬರಲ್ಲ ಅಂದಿದ್ದಾನಂತಲ್ಲ ಅಂದನಂತೆ. ಸೊಸೆ ಮನೆಯವರಿಗೆ ಗೊತ್ತಾದರೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ, ಪಾಪ, ಅಂದನಂತೆ. ಆ ‘ಪಾಪ’ ಅನ್ನುವುದನ್ನು ರಂಗಮ್ಮ ಅವನ ದನಿಯಲ್ಲೇ ಹೇಳಿ ತೋರಿಸಿದಳು. ದಾರಿಗೆ ಹೊಲ ಕೊಡುತ್ತೇನೆ ಅಂತ ಹೆಬ್ಬೆಟ್ಟು ಒತ್ತಿದರೆ ಮುದುಕನ ಕಡೆಯವರನ್ನು ನಾವೇ ಸುಮ್ಮನಾಗಿಸುತ್ತೇವೆ, ಇಲ್ಲದಿದ್ದರೆ ಸೊಸೆ ಮನೆಗೆ ಒಂದು ಫೋನು ಸಾಕು ಅಂದರಂತೆ. ಕಾಗದ ಅವಳ ಮಡಿಲಿಗೆ ಹಾಕಿ, ಏಳನೇ ತಾರೀಕು ಸಂಜೆ ಬರುತ್ತೇವೆ ಅಂತ ಹೋದರಂತೆ.

ಅವಳು ರಾಗಿ ಚೀಲ ಹೊತ್ತುಕೊಂಡೇ ನನ್ನ ಹತ್ತಿರ ಬಂದಳು. ಚೀಲ ಇಳಿಸಲಿಲ್ಲ.

"ರತ್ನವ್ವ, ನನ್ ಮಗನ್ ಸುದ್ದಿಯ ಯಾರ್ಗ್ ಏಳ್ದವ್ವ?"

"ಯಾರ್ಗೂ ಏಳಿಲ್ಲ ಕನ ರಂಗಿ. ಮಾದಪ್ಪನಾಣೆ."

"ಲಾಯರ್ ದುಡ್ಡಿನ್ ಮಾತ ನಾನು ನನ್ ಗಂಡನ್ಗೇ ಏಳಿಲ್ಲ. ಇದೇ ಜಾಗ್ದಲ್ಲಿ ನಿನ್ ಕಿವಿಗೆ ಏಳ್ದೆ. ಮಿಲ್ಲು ಓಡ್ತಿತ್ತು."

"ಮಲ್ಲೂಗೆ ಒಬ್ಬನ್ಗೆ ಬರ್ದೆ. ನೀನೇ ಬರಿ ಅಂದಲ್ಲ."

ಆಗ ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ರಾಗಿಯನ್ನು ಬೀಸಿಸದೆ, ಹೊತ್ತುಕೊಂಡು ಬಂದ ಹಾಗೇ ಹೊತ್ತುಕೊಂಡು ಹೋದಳು.

ಪಟದ ಹಿಂದಿನಿಂದ ನಿನ್ನ ರೆಸ್ಯೂಮೆ ತೆಗೆದೆ. ನನಗೆ ಇಂಗ್ಲಿಷು ಓದಲು ಬರುವುದಿಲ್ಲ, ಆದರೆ ಆರನೆಯ ಸಾಲು ಯಾವುದು ಅಂತ ಎಣಿಸಲು ಬರುತ್ತದೆ. ನೀನು ಮಿಲಿಟರಿ ಸೇರಿ ಹದಿನಾರು ವರ್ಷ. ನಾನು ನಿನಗೆ ಕಾಗದ ಬರೆಯಲು ಶುರು ಮಾಡಿ ಹದಿನಾರು ವರ್ಷ. ಬೇರೆ ಯಾರಿಗೂ ನಾನು ಬರೆದವಳಲ್ಲ. ಬಸವಣ್ಣನನ್ನು ಅನುಮಾನಿಸಿದೆ, ಚನ್ನಬಸವನನ್ನು ಅನುಮಾನಿಸಿದೆ, ಬಟ್ಟೆ ಮಾರುವ ಆ ತಮಿಳಿನವನಿಗೆ ಆವತ್ತು ನೀರು ಕೂಡ ಕೊಡದೆ ಕಳಿಸಿದೆ. ನಾನು ‘ಅದು’. ‘ಅದಕ್ಕೆ ಗೊತ್ತಿಲ್ಲ’ ಅಂತ ಬರೆದಿದ್ದೀಯಲ್ಲ, ಅದು ನಾನು.

ಮಾದರಿ ವರದಿಯಲ್ಲಿ ಇದ್ದದ್ದು ಇದೇ ತಾನೆ? ಪುಟ್ಟಸಿದ್ದಯ್ಯ ಮಗಳು ಅತ್ತರೆ ಕರಗುತ್ತಾನೆ. ಬಸವಣ್ಣನಿಗೆ ಟೀ ಸಾಕು. ರಂಗಮ್ಮನಿಗೆ ಮಗನ ಕೇಸು. ಮೊನ್ನೆಯಿಂದ ಪುಟ್ಟಸಿದ್ದಯ್ಯನ ಮಗಳು ಬಂದು ಅಪ್ಪನ ಮನೆಯಲ್ಲಿ ಕೂತಿದ್ದಾಳೆ, ಗಂಡನಿಗೆ ಲಾರಿ ಕೊಡಿಸುತ್ತೇವೆ ಅಂದಿದ್ದಾರಂತೆ, ಅಳುತ್ತಿದ್ದಾಳೆ. ನಾನು ಬರೆದ ಕ್ರಮದಲ್ಲೇ ನಡೆಯುತ್ತಿದೆ. ಅದನ್ನು ತೆರೆಯದೆ, ಮೇಲೆ ಗೋಂದು ಹಚ್ಚಿ, ಸಾಲಿನಲ್ಲಿ ನಿಂತು ರಿಜಿಸ್ಟರ್ ಮಾಡಿದವಳು ನಾನು. ಆವತ್ತಿನ ಗೋಂದು ಇನ್ನೂ ಬೆರಳಿಗೆ ಅಂಟಿಕೊಂಡಿದೆ ಅನ್ನಿಸಿ ಬೂದಿ ಹಾಕಿ ತಿಕ್ಕಿದೆ. ಊಟ ಸೇರುತ್ತಿಲ್ಲ. ಮೂರ್ತಿಯ ಮೆಟ್ಟಿಲಿನ ಉಗುಳಿಗೆ ನಾನು ಸೆರಗು ಮುದುರಿಕೊಂಡೆ! ಅವನ ಅರವತ್ತು ಪರ್ಸೆಂಟ್ ಸುಳ್ಳಿಗೆ ಹೇಸಿದೆ! ಅವನೇ ವಾಸಿ ಮಲ್ಲು. ಅವನ ಸುಳ್ಳಿನಿಂದ ಯಾರ ಮನೆಗೂ ಜೀಪು ಬರುವುದಿಲ್ಲ. ನಿಜವಾದದ್ದನ್ನೇ ಬರಿ ಅಂತ ನಿನಗೆ ಹೇಳಿದ್ದೂ ನಾನೇ.

ಅಲ್ಲ ಅಂತ ಬರಿ. ಇನ್ಯಾರೋ ಇದ್ದಾರೆ ಅಂತ ಬರಿ. ನಂಬುತ್ತೇನೆ.

ಶಿವರತ್ನ

•

ಯಳಂದೂರು
4 ಮೇ 2025

ಅಕ್ಕಯ್ಯ,

ಬಂದು ನಾಲ್ಕು ದಿನವಾಯಿತು. ಫೋನು ಮಾಡಿದೆ, ನೀನು ಎತ್ತಲಿಲ್ಲ. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೂಗ್ಯಂ. ಎರಡು ಸಲ ಸ್ಟ್ಯಾಂಡಿನ ತನಕ ಹೋಗಿ ವಾಪಸ್ ಬಂದೆ. ಅದಕ್ಕೆ ಬರೆಯುತ್ತಿದ್ದೇನೆ.

ಇನ್ಯಾರೂ ಇಲ್ಲ. ನೀನೇ.

ಕೇಳು. ಹದಿನಾರು ವರ್ಷ ನಾನು ಕಂಡದ್ದು, ಬರೆದದ್ದು ಯಾವುದೂ ನನ್ನದಲ್ಲ. ಎರಡು ಹಾಳೆ ನಿನ್ನ ಸ್ವಂತದ್ದು ಬರಿ ಅಂದಾಗ ಟ್ರಂಕು ತೆರೆದೆ, ಅದರಲ್ಲಿ ನಿನ್ನ ಕಾಗದ ಬಿಟ್ಟು ನನ್ನದು ಅನ್ನುವಂಥದ್ದು ಏನೂ ಇರಲಿಲ್ಲ. ಆ ಕಂಪನಿ ಕ್ವಾರಿಯವರಿಗೆ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಿತ್ತು. ಸುಳ್ಳು ಹೇಳುವುದಿಲ್ಲ. ಗೊತ್ತಿದ್ದರಿಂದಲೇ ಹೂಗ್ಯಂ ಬಗ್ಗೆ ಬರೆದೆ. ಹಿಯರಿಂಗ್ ತಾರೀಕು, ಲಾಯರ್ ದುಡ್ಡಿನ ವಿಷಯ ಕಂಪ್ಯೂಟರಿನಲ್ಲಿ ಮಾತಾಡಿಸಿದಾಗ ಕೇಳಿದರು, ಬಾಯಲ್ಲೇ ಹೇಳಿದೆ. ಅವರಿಗೆ ಏನು ಬೇಕೋ ಅದನ್ನು ಬರೆದರೆ ಮಾತ್ರ ಕೆಲಸ ಸಿಗುತ್ತದೆ. ಹೆದರಿಸುತ್ತಾರೆ ಅಂತ ಅಂದುಕೊಂಡಿರಲಿಲ್ಲ. ನಾನು ಬರೆದದ್ದು ಬರೀ ಇದ್ದದ್ದನ್ನು. ಏನು ಮಾಡಿ ಅಂತ ಬರೆಯಲಿಲ್ಲ.

ಏಳನೇ ತಾರೀಕು ರಂಗಮ್ಮ ಹೆಬ್ಬೆಟ್ಟು ಒತ್ತಲಿಲ್ಲ, ಅವರೂ ಸೊಸೆ ಮನೆಗೆ ಇನ್ನೂ ಫೋನು ಮಾಡಿಲ್ಲ. ಈಗಲೂ ಒತ್ತಿದರೆ ಮಣಿಕಂಠನ ಕೇಸು ಅವರು ನಿಜವಾಗಿಯೂ ಮುಗಿಸಿಕೊಡುತ್ತಾರೆ. ನಾನು ನಿಂತು ಮಾಡಿಸುತ್ತೇನೆ. ರಂಗಮ್ಮನಿಗೆ ಅದು ಒಳ್ಳೆಯದೇ ಅಲ್ಲವಾ? ನಾನಲ್ಲದಿದ್ದರೆ ಇನ್ನೊಬ್ಬ ಬರುತ್ತಿದ್ದ, ಅವನಿಗೆ ಅಷ್ಟೂ ಇರುತ್ತಿರಲಿಲ್ಲ.

ಈ ತಿಂಗಳು ನನಗೆ ಕೊಟ್ಟಿರುವುದು ಹೂಗ್ಯಂ, ಮಾರ್ಟಳ್ಳಿ ಕಡೆಯ ಕೆಲಸವೇ. ನೀನು ಏನೂ ಮಾಡಬೇಕಾಗಿಲ್ಲ. ಮೊದಲಿನ ಹಾಗೆ ಮಿಲ್ಲಿನ ಸುದ್ದಿ ಬರೆದರೆ ಸಾಕು. ಅವರು ಈ ಸಲ ದುಡ್ಡು ಕೊಡಲೂ ತಯಾರಿದ್ದಾರೆ.

ಸೌಮ್ಯಳಿಗೆ ಇದು ಯಾವುದೂ ಗೊತ್ತಿಲ್ಲ. ಭವ್ಯ ಇನ್ನೂ ನನ್ನ ಹತ್ತಿರ ಬರುವುದಿಲ್ಲ, ಬಾಗಿಲ ಹಿಂದೆ ನಿಂತು ನೋಡುತ್ತಾಳೆ. ಇಲ್ಲಿಯ ಡಾಕ್ಟರು ಎಕ್ಸ್‌ರೇ ತೆಗೆಸಿದ್ದಾರೆ. ಏನಂತ ನೀನು ಕೇಳಿದರೆ ಬರೆಯುತ್ತೇನೆ.

ಮಲ್ಲು

•

ಹೂಗ್ಯಂ
9 ಮೇ 2025

ಮಲ್ಲಿಕಾರ್ಜುನಸ್ವಾಮಿಗೆ,

ನಿನ್ನ ಕಾಗದ ಬಂದಾಗ ಮಿಲ್ಲಿನಲ್ಲಿ ಜನ ಇದ್ದರು. ಮಿಷನ್ ಆಫ್ ಮಾಡಿ, ರಂಗಮ್ಮನನ್ನು ಕೇಳಿ ಅವಳು ಓದು ಅಂದ ಮೇಲೆ, ಮೊದಲಿಂದ ಕೊನೆಯ ತನಕ ಎಲ್ಲರಿಗೂ ಕೇಳುವ ಹಾಗೆ ಓದಿದೆ. ಅದರ ಹಿಂದಿನ ಕಾಗದಗಳನ್ನೂ ಓದಿದೆ. ಎಕ್ಸ್‌ರೇ ಸಾಲನ್ನು ಎರಡು ಸಲ ಓದಿದೆ. ನಾನು ಅಲ್ಲಿ ನಿಲ್ಲುತ್ತೇನೆ ಅಂತ ಗೊತ್ತಿದ್ದೇ ಅದನ್ನು ಕೊನೆಗೆ ಇಟ್ಟಿದ್ದೀಯ. ನಾನು ಕೇಳುವುದಿಲ್ಲ. ಸೌಮ್ಯಳಿಗೆ ಫೋನು ಮಾಡಿ ಎಲ್ಲ ಹೇಳಿದ್ದೇನೆ, ಅವಳು ಕೇಳಿಕೊಳ್ಳಲಿ.

ಓದಿ ಮುಗಿಸಿದೆ. ಬಸವಣ್ಣ ಎದ್ದು ಹೊರಗೆ ಹೋಗಿ ಉಗಿದು ಬಂದ. ಆಮೇಲೆ ರಂಗಮ್ಮ, "ನಿನ್ ತಮ್ಮನ್ಗೆ ಕಾಗ್ದ ಬರಿಯದ ನಿಲ್ಲುಸ್ಬ್ಯಾಡ ಕನವ್ವ. ನಮ್ ಸಾಲ ನಾವ್ ಏಳ್ತೀವಿ, ಬರ್ಕೊ" ಅಂದಳು. ಅವರು ಹೇಳಿದ್ದನ್ನು ಹೇಳಿದ ಹಾಗೆ ಕೆಳಗೆ ಬರೆದಿದ್ದೇನೆ. ಯಾರದ್ದನ್ನೂ ಬಿಟ್ಟಿಲ್ಲ.

ರಂಗಮ್ಮ ಕ್ಷೇಮ.
ಮಣಿಕಂಠ ಕ್ಷೇಮ. ಅವನ ಹೆಂಡತಿ ಕ್ಷೇಮ.
ಪುಟ್ಟಸಿದ್ದಯ್ಯ ಕ್ಷೇಮ. ಅವನ ಮಗಳೂ ಕ್ಷೇಮ.
ಬಸವಣ್ಣ ಕ್ಷೇಮ.
ಚನ್ನಬಸವ ಕ್ಷೇಮ.
ರಂಗಮ್ಮನ ಹೊಲ ಕ್ಷೇಮ.
ಬಂಡೆ ಕ್ಷೇಮ.
ನಾನು ಕ್ಷೇಮ.

ಇನ್ನು ಮುಂದೆ ಪ್ರತಿ ಕಾಗದವೂ ಹೀಗೇ ಇರುತ್ತದೆ. ನಿನ್ನ ಕಂಪನಿಗೆ ಬೇಕಾದರೆ ತೋರಿಸು. ಈ ಲಕೋಟೆಗೆ ಗೋಂದು ಒಂದೇ ಸಲ, ಅದೂ ತೆಳ್ಳಗೆ ಹಚ್ಚಿದ್ದೇನೆ. ಯಾರು ಬೇಕಾದರೂ ಒಡೆದು ಓದಲಿ.

ಶಿವರತ್ನ